ಸಹಾಯ ಬೇಕು: ಫ್ರೀಜರ್‌ನಲ್ಲಿಟ್ಟ ಬೀನ್ಸ್ ಒಣಗುತ್ತಿದೆ

ಎಲ್ಲರಿಗೂ ನಮಸ್ಕಾರ. ಮನೆ ಖರ್ಚು ಇಳಿಸೋಣ ಅಂತ, ತರಕಾರಿ ಅಗ್ಗವಾಗಿ ಸಿಕ್ಕಾಗ ಜಾಸ್ತಿ ತಂದು ಫ್ರೀಜರ್‌ನಲ್ಲಿ ಇಡುತ್ತಿದ್ದೇನೆ. ಬಟಾಣಿಯದ್ದು ತೊಂದರೆಯೇ ಇಲ್ಲ. ಕುದಿಯುವ ನೀರಿನಲ್ಲಿ ಒಂದೂವರೆ ನಿಮಿಷ, ತಕ್ಷಣ ಐಸ್ ನೀರಿಗೆ. ಆಮೇಲೆ ಬಟ್ಟೆಯಲ್ಲಿ ಒರೆಸಿ, ತಟ್ಟೆಯಲ್ಲಿ ಹರಡಿ, ಗಟ್ಟಿಯಾದ ಮೇಲೆ ಕವರ್‌ಗೆ ತುಂಬುತ್ತೇನೆ. ಕಾಳು ಅಂಟಿಕೊಳ್ಳುವುದಿಲ್ಲ, ಬೇಕಾದಷ್ಟು ಹಿಡಿ ತೆಗೆಯಬಹುದು. ಈ ಒಂದು ಕೆಲಸ ನನಗೆ ತುಂಬಾ ಖುಷಿ ಕೊಟ್ಟಿದೆ.

ತಲೆನೋವು ಬೀನ್ಸ್‌ನದ್ದು. ಅದಕ್ಕೂ ಹೀಗೇ ಮಾಡುತ್ತೇನೆ, ಬಿಸಿನೀರಲ್ಲಿ 3 ನಿಮಿಷ. ಆದರೂ ಕೆಲವು ವಾರ ಕಳೆದರೆ ಕವರ್ ಒಳಗೆ ಐಸ್ ಪುಡಿ ಕೂತು, ತುಂಡುಗಳ ಅಂಚು ಬೆಳ್ಳಗೆ ಒಣಗಿರುತ್ತದೆ. ಬೇಯಿಸಿದರೆ ಬರೀ ನಾರು. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲೇ ಇದೆ. ಒಳಗೆ ಗಾಳಿ ಉಳಿದರೆ ಹೀಗಾಗುತ್ತದೆ ಅಂತ ಗೊತ್ತು, ಕೈಯಲ್ಲಿ ಒತ್ತಿ ಆದಷ್ಟೂ ತೆಗೆಯುತ್ತೇನೆ. ಗಾಳಿ ಎಳೆಯುವ ಮೆಷಿನ್ ಇಲ್ಲದೆ ಇದನ್ನು ತಡೆಯೋದು ಹೇಗೆ? ದಪ್ಪ ಕವರ್ ಒಳ್ಳೆಯದಾ, ಡಬ್ಬಿಯಾ?

ಒಂದೇ ಸಲ ಎಷ್ಟು ತುಂಬಬಹುದು ಅಂತಲೂ ಹೇಳಿ. ಜಾಸ್ತಿ ಇಟ್ಟರೆ ನಿಧಾನವಾಗಿ ಗಟ್ಟಿಯಾಗಿ, ದೊಡ್ಡ ಐಸ್ ಹರಳು ಕಟ್ಟಿ, ತರಕಾರಿ ಮೆತ್ತಗಾಗುತ್ತದೆ ಅಲ್ವಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.