ಸುಹಾಸನ ಜೀಪಿನ ವಿಚಾರವಾಗಿ

ಎಲ್ಲರಿಗೂ ನಮಸ್ಕಾರ. ಹೆತ್ತೂರು ಕಡೆಯ ತೋಟದಲ್ಲಿ ರೋಬಸ್ಟಾ ಕೊಯ್ಲು ಮುಗಿದು ಆಳುಗಳೆಲ್ಲ ಊರಿಗೆ ಹೋಗಿದ್ದಾರೆ, ಪಕ್ಕದ ತೋಟದಿಂದ ಪಿಕಪ್ ಕಳುವಾಗಿದೆ, ಮಳೆಗಾಲ ಮುಗಿಯುವವರೆಗೆ ಎಂ.ಎಂ. 540 ಎಂಬ ಹಳೆಯ ಡೀಸೆಲ್ ಜೀಪನ್ನು ಅಲ್ಲೇ ಬಿಡಬೇಕಾಗಿದೆ, ಬ್ಯಾಟರಿ ಬಿಚ್ಚಿ ಒಳಗಿಟ್ಟರೆ ಸಾಕೇ ಎಂದು ಸುಹಾಸ ಬೆಳಿಗ್ಗೆ ಕೇಳಿದ್ದಾನೆ. ಎಲ್ಲರೂ ಸಾಕು ಎಂದು ಉತ್ತರ ಕೊಟ್ಟಿರುವುದನ್ನು ನೋಡಿ ನನಗೆ ಗಾಬರಿಯಾಯಿತು. ಮಗು, ಅದು ಸಾಲದು. ಮೊದಲು ಒಂದು ಮಾತು ಕೇಳು: ರಾತ್ರಿ ಹೊತ್ತು ಜೀಪಿನ ಮುಖ ಇಳಿಜಾರಿನ ರಸ್ತೆಯ ಕಡೆಗೆ ಇರುವಂತೆ ಯಾವ ಕಾರಣಕ್ಕೂ ನಿಲ್ಲಿಸಬೇಡ.

ಅಪ್ಪಯ್ಯನ ಕಾಲದಲ್ಲಿ ನಮ್ಮ ಮನೆಯ ಜೀಪು ಹೋದದ್ದು ಹಾಗೆಯೇ. ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ, ಹಿರಿಯರು ಮರೆತಂತೆ ಇದ್ದಾರೆ. ಥಂಡಿಗೆ ಸೆಲ್ಫ್ ಎಳೆಯುತ್ತಿರಲಿಲ್ಲವಾದ್ದರಿಂದ ಡ್ರೈವರ್ ಜೀಪನ್ನು ಕಣದ ಅಂಚಿನಲ್ಲಿ, ಗೇಟಿನ ಕಡೆಗೆ ಇಳಿಯುವ ರಸ್ತೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಹ್ಯಾಂಡ್‌ಬ್ರೇಕ್ ಬಿಟ್ಟು ಉರುಳಿಸಿ, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಮಲೆನಾಡಿನಲ್ಲಿ ಆಗ ಎಲ್ಲ ತೋಟಗಳಲ್ಲೂ ಇದೇ ಪದ್ಧತಿ. ಬ್ಯಾಟರಿಯನ್ನು ಬಿಚ್ಚಿ ತಂದು ಜಗಲಿಯಲ್ಲಿ ಇಡುತ್ತಿದ್ದರಿಂದ ಜೀಪು ಅಲ್ಲಾಡುವುದಿಲ್ಲ ಎಂಬ ಧೈರ್ಯದಲ್ಲಿ ಅಪ್ಪಯ್ಯ ಮಲಗುತ್ತಿದ್ದರು.

ಆದರೆ ಹಳೆಯ ಡೀಸೆಲ್ ಎಂಜಿನ್ನಿಗೆ ಓಡಲು ಕರೆಂಟ್ ಬೇಕಿಲ್ಲ. ಪಂಪಿಗೆ ಡೀಸೆಲ್ ಬರುತ್ತಿದ್ದು ಎಂಜಿನ್ ಒಂದು ಸುತ್ತು ತಿರುಗಿದರೆ ಸಾಕು. ಆಷಾಢದ ಒಂದು ರಾತ್ರಿ, ತಗಡಿನ ಮೇಲೆ ಬೀಳುವ ಮಳೆಗೆ ಪಕ್ಕದಲ್ಲಿ ಮಲಗಿದವರ ಮಾತೂ ಕೇಳಿಸದಂತಿದ್ದಾಗ, ಕಳ್ಳರು ಜೀಪನ್ನು ಸದ್ದಿಲ್ಲದೆ ಉರುಳಿಸಿಕೊಂಡು ಹೋದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ನಾಯಿಯೂ ಬೊಗಳಲಿಲ್ಲ. ಬೆಳಿಗ್ಗೆ ನಾನು ಇಳಿದು ಹೋಗಿ ನೋಡಿದೆ: ಕಣದಿಂದ ಹಳ್ಳದ ತಿರುವಿನವರೆಗೆ ಎರಡು ನೇರ ಗೆರೆಗಳು, ಅವುಗಳಲ್ಲಿ ಕೆಂಪು ನೀರು ನಿಂತಿತ್ತು, ತಿರುವಿನಲ್ಲಿ ಮಾತ್ರ ಹಿಂದಿನ ಚಕ್ರ ನೆಲ ಕಚ್ಚಿ ಎಗರಿಸಿದ ಮಣ್ಣಿನ ಹೆಂಟೆಗಳು ಕಾಫಿ ಗಿಡದ ಎಲೆಗಳಿಗೆ ಮೆತ್ತಿಕೊಂಡಿದ್ದವು. ಎಂಜಿನ್ ಸ್ಟಾರ್ಟ್ ಆದ ಜಾಗ ಅದು. ಮನೆಯಿಂದ ಅಷ್ಟು ದೂರದಲ್ಲಿ, ಆ ಮಳೆಯಲ್ಲಿ, ಯಾರಿಗೆ ಕೇಳಿಸಬೇಕು? ಬ್ಯಾಟರಿ ಜಗಲಿಯಲ್ಲೇ ಇತ್ತು.

ಜೀಪು ಸಿಕ್ಕಿದ್ದು ಬಿಸಿಲೆ ಕಡೆಯ ಕಾಡಂಚಿನಲ್ಲಿ, ಅರಣ್ಯ ಇಲಾಖೆಯವರಿಗೆ. ಹಿಂದಿನ ತಗಡಿನ ಮೇಲೆ ಕಡವೆಯ ರಕ್ತ ಮತ್ತು ಕೂದಲು ಅಂಟಿದ್ದವು. ಕದ್ದವರಿಗೆ ಬೇಕಾಗಿದ್ದದ್ದು ಒಂದು ಶಿಕಾರಿಗೆ ಫೋರ್‌ವೀಲ್ ಗಾಡಿ. ಕೆಲಸ ಮುಗಿದ ಮೇಲೆ ಬಿಟ್ಟು ಹೋಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆಗೆ ಬಳಸಿದ ವಾಹನವನ್ನೂ ಜಪ್ತಿ ಮಾಡಬಹುದು. ಆದ್ದರಿಂದ ನಮ್ಮ ಜೀಪು ಕಳುವಾದ ಮಾಲು ಎನ್ನುವುದಕ್ಕಿಂತ ಮೊದಲು ಅಪರಾಧಕ್ಕೆ ಬಳಸಿದ ಸಾಧನವಾಯಿತು. ಕೋರ್ಟಿನಲ್ಲಿ ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳುವ ಹೊತ್ತಿಗೆ ಅದು ಕಚೇರಿಯ ಅಂಗಳದಲ್ಲಿ ಮಳೆಗಾಲವಿಡೀ ನೆನೆದು ನೆಲದ ತಗಡು ತುಕ್ಕು ಹಿಡಿದು ಕಾಲಿಟ್ಟರೆ ಕುಸಿಯುವಂತಾಗಿತ್ತು, ಸ್ಟೆಪ್ನಿ ಇರಲಿಲ್ಲ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ ಸುಹಾಸ, ಬ್ಯಾಟರಿ ಬಿಚ್ಚಿದ್ದೇನೆ ಎಂಬ ಧೈರ್ಯದಿಂದ ಜೀಪನ್ನು ಇಳಿಜಾರಿಗೆ ಮುಖ ಮಾಡಿ ಬಿಟ್ಟು ಬರಬೇಡ.

ಗಾಡಿ ಹೋದದ್ದಕ್ಕಿಂತ ನನಗೆ ಇಂದಿಗೂ ನೋಯುವುದು ಆಮೇಲೆ ನಡೆದದ್ದು. ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿ ಇತ್ತು. ಚಾವಡಿಯಲ್ಲಿ ಅಜ್ಜನ ಕಾಲದ, ಕಾಡುಪ್ರಾಣಿಗಳ ಕೊಂಬುಗಳಿದ್ದವು. ಅಧಿಕಾರಿಗಳು ಆ ಕೊಂಬುಗಳ ಮಾಲೀಕತ್ವದ ಪ್ರಮಾಣಪತ್ರ ಕೇಳಿದರು. ಅವರ ಕೆಲಸ ಅವರು ಮಾಡಿದರು, ನಮ್ಮ ಬಳಿ ಕಾಗದವೂ ಇತ್ತು, ತೋರಿಸಿದೆವು. ಆದರೆ ನಮ್ಮವರೇ ಮದುವೆ ಮನೆಗಳಲ್ಲಿ ಕುಳಿತು, ಶಿಕಾರಿ ಮಾಡಿದ್ದು ಮನೆಯವರೇ, ಸಿಕ್ಕಿಬಿದ್ದಾಗ ಕಳವು ಎಂದು ಕಥೆ ಕಟ್ಟಿದರು ಎಂದು ಆಡಿಕೊಂಡರು. ಜೀಪನ್ನು ಯಾರೋ ನೆಂಟರು ಶನಿವಾರಸಂತೆಗೆ ಒಯ್ದಿರಬಹುದೆಂದು ಹಿರಿಯರು ಒಂದು ದಿನ ಕಾದು ನೋಡಿದ್ದು ಆ ಮಾತಿಗೆ ಇನ್ನಷ್ಟು ಇಂಬು ಕೊಟ್ಟಿತು. ಆಸ್ಪತ್ರೆಗೆಂದು, ಹೆರಿಗೆಗೆಂದು ಅದೇ ಜೀಪಿನಲ್ಲಿ ನಡುರಾತ್ರಿ ಸಕಲೇಶಪುರಕ್ಕೆ ಹೋಗಿಬಂದ ಮನೆಗಳವರು ಕೂಡ, ಆ ಮನುಷ್ಯ ಅಂಥವರಲ್ಲ ಎಂದು ಠಾಣೆಗೆ ಬಂದು ಒಂದು ಮಾತು ಹೇಳಲಿಲ್ಲ. ಅಪ್ಪಯ್ಯ ಆಮೇಲೆ ಆ ಜೀಪಿನಲ್ಲಿ ಕೂರಲೇ ಇಲ್ಲ. ಈ ಗುಂಪಿನಲ್ಲಿ ಕೆಲವರಿಗೆ ಇದು ನೆನಪಿರಬೇಕು.

ಸುಹಾಸ ಕೇಳಿದ್ದು ಮುಂದೆ ಏನು ಮಾಡಬೇಕೆಂದು. ಅದನ್ನು ಹೇಳುತ್ತೇನೆ. ಜೀಪನ್ನು ಶೆಡ್ಡಿನೊಳಗೆ, ಮುಖ ಗೋಡೆಗೆ ತಾಗುವಂತೆ, ಹಿಂದಕ್ಕೆ ತರಬೇಕಾದರೆ ಏರು ತಳ್ಳಬೇಕಾಗುವಂತೆ ನಿಲ್ಲಿಸು. ಟ್ಯಾಂಕಿನಿಂದ ಬರುವ ಡೀಸೆಲ್ ಪೈಪಿಗೆ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಕಾಕ್, ಅಂದರೆ ಡೀಸೆಲ್ ತಡೆಯುವ ತಿರುಪು, ಹಾಕಿಸು. ಅದನ್ನು ಮುಚ್ಚಿದ್ದರೆ ಫಿಲ್ಟರಿನಲ್ಲಿ ಉಳಿದ ಡೀಸೆಲ್‌ನಿಂದ ಗಾಡಿ ಸ್ವಲ್ಪ ದೂರ ಓಡಿ, ಪೈಪಿಗೆ ಗಾಳಿ ಸೇರಿ, ಅಂದರೆ ಏರ್ ಹಿಡಿದು, ನಿಲ್ಲುತ್ತದೆ. ಏರ್ ತೆಗೆಯದೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ, ಕತ್ತಲೆಯಲ್ಲಿ ಅದನ್ನು ಮಾಡುವಷ್ಟು ವ್ಯವಧಾನ ಕಳ್ಳನಿಗೆ ಇರುವುದಿಲ್ಲ. ನೀನು ಸ್ಟಾರ್ಟ್ ಮಾಡುವ ಮೊದಲು ಕಾಕ್ ತೆರೆಯಲು ಮರೆಯಬೇಡ, ಇಲ್ಲದಿದ್ದರೆ ಏರ್ ತೆಗೆಯುವ ಕೆಲಸ ನಿನ್ನದಾಗುತ್ತದೆ. ನೀನಂತೂ ತಿಂಗಳುಗಟ್ಟಲೆ ತೋಟದ ಕಡೆಗೆ ಹೋಗುವವನಲ್ಲ. ಆದ್ದರಿಂದ ಹಿಂದಿನ ಎರಡು ಚಕ್ರಗಳನ್ನೇ ಬಿಚ್ಚಿ ಗೋದಾಮಿನಲ್ಲಿಟ್ಟು ಬೀಗ ಹಾಕು, ಆಕ್ಸಲ್ಲಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡು. ಬ್ಯಾಟರಿಯನ್ನೂ ಬಿಚ್ಚು, ಬೇಡವೆನ್ನುತ್ತಿಲ್ಲ. ಕೀಯನ್ನು ಮಾತ್ರ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಬೇಡ. ಆ ಹಳೆಯ ಸ್ವಿಚ್ಚುಗಳು ಸವೆದು ಬೇರೆ ಕೀಗೂ ತಿರುಗುತ್ತವೆ, ಸ್ಟೇರಿಂಗ್ ಲಾಕ್ ಇಲ್ಲ. ಆದ್ದರಿಂದ ಕೀ ಭದ್ರವಾಗಿದೆ ಎಂದ ಮಾತ್ರಕ್ಕೆ ಗಾಡಿ ಭದ್ರ ಎಂದುಕೊಳ್ಳಬೇಡ.

ಚಿಕ್ಕಮ್ಮನ ಮಗ ಜಿ.ಪಿ.ಎಸ್. ಹಾಕಿಸು ಎಂದಿದ್ದಾನೆ. ಹಾಕಿಸಬಹುದು, ಆದರೆ ಅದು ಸುದ್ದಿ ಕಳುಹಿಸುವುದು ಸಿಮ್‌ನಿಂದ. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗಾಡಿ ಟಾರು ರಸ್ತೆ ಸೇರಿದ ಮೇಲಷ್ಟೇ ನಿನಗೆ ತಿಳಿಯುತ್ತದೆ. ಬ್ಯಾಟರಿ ಬಿಚ್ಚಿದರೂ ನಡೆಯುವಂತೆ ಒಳಗೆ ತನ್ನದೇ ಬ್ಯಾಟರಿ ಇರುವುದನ್ನು ನೋಡಿ ತೆಗೆದುಕೊ. ಎಂಜಿನ್ ನಂಬರ್, ಚಾಸಿ ನಂಬರ್‌ಗಳ ಫೋಟೋ ಇಂದೇ ತೆಗೆದಿಡು. ಹೋದದ್ದು ತಿಳಿದ ಕೂಡಲೇ, ನೆಂಟರನ್ನು ವಿಚಾರಿಸುತ್ತ ಕೂರದೆ, 112ಕ್ಕೆ ಕರೆ ಮಾಡಿ ಠಾಣೆಯಲ್ಲಿ ದೂರು ಬರೆಸಿ ಎಫ್.ಐ.ಆರ್. ಪ್ರತಿ ತೆಗೆದುಕೊ, ಆ ಜೀಪಿನಿಂದ ಕಾಡಿನಲ್ಲಿ ಏನೇ ನಡೆದರೂ ಅದಕ್ಕಿಂತ ಮೊದಲಿನ ತಾರೀಖು, ಸಮಯ ನಿನ್ನ ಕಾಗದದ ಮೇಲೆ ಇರಲಿ. ಬರೀ ಥರ್ಡ್ ಪಾರ್ಟಿ ವಿಮೆಯಲ್ಲಿ ಕಳವಿಗೆ ಒಂದು ಪೈಸೆಯೂ ಬರುವುದಿಲ್ಲ. ಪಾಲಿಸಿಯ ಫೋಟೋ ನನಗೆ ಪ್ರತ್ಯೇಕವಾಗಿ ಕಳುಹಿಸು, ಓದಿ ನೋಡಿ ರಾತ್ರಿ ಊಟವಾದ ಮೇಲೆ ಫೋನ್ ಮಾಡುತ್ತೇನೆ.