ಕೋತಿಗೂ ಭತ್ತಕ್ಕೂ ಏನಂತ ಹೋಲ್ಸದು? ಮಗಳ ಪ್ರಾಜೆಕ್ಟು

ಕೆರೆಗೋಡು ಅಪ್ಪ:
ಮಗಳು ಫಸ್ಟ್ ಪಿಯು. ಒಂದು ಕೋತಿ ಜಾತಿ, ಒಂದು ಹೂ ಬಿಡೋ ಗಿಡ ತಗೊಂಡು ಹೋಲಿಸಿ ಬರ್ಕೊಂಡು ಬನ್ನಿ ಅಂದವ್ರಂತೆ. ಇವ್ಳು ನಮ್ಮೂರಲ್ಲಿ ಓಡಾಡೋ ಕೋತಿ, ಅದೇ ತಲೆ ಮೇಲೆ ಟೋಪಿ ಇಟ್ಟಂಗೆ ಕೂದ್ಲಿರೋದು, ಜೊತೆಗೆ ಭತ್ತ ಅಂತ ಬರ್ದವ್ಳೆ. ನಮ್ಮವ್ವ "ಭತ್ತದಲ್ಲಿ ಎಲ್ಲವ್ವ ಹೂವು, ಮಲ್ಲಿಗೆ ಬರಿ" ಅಂತ ನಗಾಡ್ತಾವ್ರೆ. ಭತ್ತ ನಡೀತದಾ? ಕೋತಿ ಮೇಲು, ಗಿಡ ಕೀಳು ಅಂತ ಶುರು ಮಾಡ್ಸಿದ್ರೆ ಸರಿನಾ?

ಪಾಂಡವಪುರ ಗದ್ದೆ:
ನಡೀತದೆ ಕಣಣ್ಣ. ಹೊಡೆ, ಅಂದ್ರೆ ಎಳೇ ತೆನೆ, ಈಚೆಗೆ ಬಂದಾಗ ಬಿಸ್ಲೇರೋ ಹೊತ್ತಲ್ಲಿ, ಹತ್ತು ಹನ್ನೊಂದು ಗಂಟೆಗೆ, ಬದಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿ, ಸಿಪ್ಪೆ ಬಾಯ್ಬಿಟ್ಟು ಆರು ಎಳೆ ಕೇಸರ ನೇತಾಡ್ತಿರ್ತವೆ, ಸ್ವಲ್ಪ ಹೊತ್ತಿಗೆ ಸಿಪ್ಪೆ ಮುಚ್ಕತದೆ. ಅಷ್ಟೇ ಅದರ ಹೂವು. ಆ ಟೈಮಲ್ಲಿ ಮಳೆ ಹೊಡೆದ್ರೆ ಜಳ್ಳು ಜಾಸ್ತಿ.

ಕುವೆಂಪುನಗರ ಬಯಾಲಜಿ:
ಸರ್, ಮೇಲು ಕೀಳು ದಯವಿಟ್ಟು ಬೇಡ. ಮನುಷ್ಯರಲ್ಲಿ ಜೀನ್ ಸುಮಾರು 20 ಸಾವಿರ, ಭತ್ತದಲ್ಲಿ 35 ಸಾವಿರಕ್ಕೂ ಮೇಲೆ, ಹಂಗಂತ ಭತ್ತ ನಮಗಿಂತ ಮೇಲು ಅಂತೀವಾ? ವೈಜ್ಞಾನಿಕ ಹೆಸರು ಬರೀಲಿ, ಕೋತಿಗೆ ಮಕಾಕಾ ರೇಡಿಯೇಟಾ, ಭತ್ತಕ್ಕೆ ಒರೈಜಾ ಸಟೈವಾ. ಕ್ರೋಮೋಸೋಮು ಕೋತಿಗೆ 42, ಭತ್ತಕ್ಕೆ 24. ಎರಡರ ಜೀವಕೋಶದಲ್ಲೂ ನ್ಯೂಕ್ಲಿಯಸ್, ಮೈಟೊಕಾಂಡ್ರಿಯ ಇರುತ್ತೆ, ಕೋಶಭಿತ್ತಿ ಮತ್ತೆ ಪತ್ರಹರಿತ್ತು ಭತ್ತಕ್ಕೆ ಮಾತ್ರ, ಇದನ್ನ ಎಲ್ರೂ ಬರೀತಾರೆ ಬಿಡಿ. ನಾನಾಗಿದ್ರೆ ಮರಿಗೆ ಊಟ ಹೆಂಗೆ ಅಂತ ಬರೆಸ್ತಿದ್ದೆ. ಕೋತಿ ಸುಮಾರು ಐದೂವರೆ ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕಿ ಹಾಲು ಕುಡಿಸುತ್ತೆ. ಭತ್ತದ ಪರಾಗದಿಂದ ಎರಡು ಗಂಡು ಕೋಶ ಬರುತ್ತೆ, ಒಂದು ಅಂಡದ ಜೊತೆ ಸೇರಿ ಭ್ರೂಣ ಆಗುತ್ತೆ, ಇನ್ನೊಂದರಿಂದ ಆ ಭ್ರೂಣಕ್ಕೆ ಬುತ್ತಿ ತಯಾರಾಗುತ್ತೆ. ಪಾಲಿಶ್ ಮಾಡಿದ ಅಕ್ಕಿ ಅಂತ ನಾವು ಉಣ್ಣೋದು ಹೆಚ್ಚುಕಮ್ಮಿ ಆ ಬುತ್ತೀನೇ.

ಪಾಂಡವಪುರ ಗದ್ದೆ:
ಅದಕ್ಕೇ ಹಾಲುಗಾಳು ಅನ್ನೋದು! ಎಳೇ ಕಾಳು ಚಿವುಟಿದ್ರೆ ಬೆಳ್ಳಗೆ ಹಾಲೇ ಬರ್ತದೆ.

ಬೆಟ್ಟದ ಪಾದ:
ಕೋತಿ ಬಗ್ಗೆ ಕೆನ್ನೆ ಚೀಲ ಬರೆಸಿ ಗುರು. ಚಾಮುಂಡಿಬೆಟ್ಟದ ಮೆಟ್ಲಲ್ಲಿ ನನ್ನ ಕೈಯಿಂದ ಕಡ್ಲೆಪುರಿ ಪೊಟ್ಣ ಕಿತ್ಕೊಂಡು ಎರಡೂ ಕೆನ್ನೆಗೆ ತುಂಬ್ಕೊಂಡು, ಮರದ ಮೇಲೆ ಕೂತು ನನ್ನೇ ನೋಡ್ತಾ ನಿಧಾನಕ್ಕೆ ಅಗೀತಿತ್ತು. ಕಾಡಲ್ಲೂ ಹಂಗೇ ಹಣ್ಣು ತುಂಬ್ಕೊಂಡು ದೂರ ಹೋಗಿ ಬೀಜ ಉಗೀತವೆ.

ಕೆರೆಗೋಡು ಅಪ್ಪ:
ಹಾಲುಗಾಳಿನ ಪಾಯಿಂಟು ಅವ್ವಂಗೂ ಹಿಡಿಸ್ತು. ಆದ್ರೆ ಹೂವ ಕಣ್ಣಾರೆ ನೋಡೋಗಂಟ ಒಪ್ಪಲ್ಲ ಅಂತಾವ್ರೆ. ನಮ್ದಿನ್ನೂ ಹೊಡೆ ಬಂದಿಲ್ಲ, ನಾಳೆ ಪಕ್ಕದವ್ರ ಗದ್ದೆಗೆ ಕರ್ಕೊಂಡೋಗ್ಬೇಕು.