ಎಂಆರ್‌ಐ ರಿಪೋರ್ಟಿನಾಗ ‘ಹೈ ಗ್ರೇಡ್’ ಅಂತ ಬರದಾರ, ಎಷ್ಟು ನಂಬಬೇಕು?

ಶಹಾಪುರದಿಂದ:
ನಮ್ಮ ಅಪ್ಪಗ 56 ವರ್ಷ. ಹೋದ ವಾರ ಹೊಲದಾಗ ಫಿಟ್ಸ್ ಬಂದು ಬಿದ್ರು. ಕಲಬುರಗಿಗೆ ಒಯ್ದು ಎಂಆರ್‌ಐ ಮಾಡಿಸಿದ್ವಿ. ರಿಪೋರ್ಟಿನ ಕೊನೀಗೆ ‘ಹೈ ಗ್ರೇಡ್ ಗ್ಲಯೋಮಾ ಇರಬಹುದು’ ಅಂತ ಅದ, ಅಂದ್ರ ಜೋರು ಬೆಳಿಯೋ ಮಿದುಳಿನ ಗಡ್ಡಿ. ಆಪರೇಷನ್ ಇನ್ನಾ ಆಗಿಲ್ಲ. ತುಂಡು ತೆಗೆದು ನೋಡದೇ ಬರೇ ಸ್ಕ್ಯಾನ್ ಮ್ಯಾಲ ಗ್ರೇಡ್ ಹೆಂಗ ಹೇಳ್ತಾರ? ನಿಮ್ಮ ಮನ್ಯಾಗ ಯಾರಿಗಾದ್ರೂ ಹಿಂಗ ಆಗಿದ್ರ ಹೇಳ್ರಿ. ಅವ್ವಗ ಇನ್ನಾ ಏನೂ ಹೇಳಿಲ್ಲ.

ಸೇಡಂನಿಂದ:
ತಮ್ಮಾ, ಆ ‘ಇರಬಹುದು’ ಅನ್ನೋದನ್ನ ಬಿಟ್ಟು ಓದಬ್ಯಾಡ. ನಾವು ಹಂಗೇ ಓದಿದ್ವಿ. ನಮ್ಮ ಕಾಕಾನ ರಿಪೋರ್ಟ್ ಬಂದ ರಾತ್ರಿ ಮನ್ಯಾಗ ಒಲಿ ಹಚ್ಚಲಿಲ್ಲ, ಬೀಗರೆಲ್ಲಾ ಬಂದು ಕಾಕಾನ ಮುಂದೇ ಅತ್ತರು. ಆಪರೇಷನ್ ಆಗಿ ಪೆಥಾಲಜಿ, ಅಂದ್ರ ತೆಗೆದ ತುಂಡಿನ ಪರೀಕ್ಷೆ, ಬಂದಾಗ ಅದು ಗ್ರೇಡ್ 2 ಆಲಿಗೊಡೆಂಡ್ರೊಗ್ಲಯೋಮಾ. ಈ ಜಾತಿ ಗಡ್ಡಿಯೊಳಗ ಸಣ್ಣ ಸಣ್ಣ ರಕ್ತನಾಳ ಬಾಳ ಇರ್ತಾವಂತ. ಗ್ರೇಡ್ ಕಡಿಮಿ ಇದ್ರೂ, ರಕ್ತದ ಹರಿವು ತೋರಿಸೋ ಪರ್ಫ್ಯೂಷನ್ ಸ್ಕ್ಯಾನಿನಾಗ ರಕ್ತ ಜಾಸ್ತಿ ಕಾಣ್ತದ, ಅದಕ್ಕ ದೊಡ್ಡ ಗ್ರೇಡ್ ಅನ್ನಿಸಿತ್ತು ಅಂತ ಡಾಕ್ಟರು ಬಿಡಿಸಿ ಹೇಳಿದ್ರು.

ಸ್ಕ್ಯಾನಿನಾಗ ಕಾಣೋದು ಗ್ರೇಡಿನ ಗುರುತು ಅಷ್ಟೇ. ಚೊಲೊ ಮಿದುಳಿನ ರಕ್ತನಾಳ, ಸ್ಕ್ಯಾನಿಗೆ ಸೂಜಿಲೆ ಹಾಕೋ ಗ್ಯಾಡೋಲಿನಿಯಂ ಔಷಧನ ಹೊರಗ ಬಿಡಂಗಿಲ್ಲ. ಗಡ್ಡಿ ಆ ಗ್ವಾಡಿ ಕೆಡಿಸಿದ್ರ ಔಷಧ ಸೋರಿ ಬೆಳ್ಳಗ ಕಾಣ್ತದ. ಸುತ್ತ ಬಿಳಿ ಉಂಗುರ, ನಡುವ ಸತ್ತ ಭಾಗ, ಹೊರಗ ಬಾವು ಇದ್ರ ಗ್ರೇಡ್ 4 ಅಂತ ಅನುಮಾನ ಮಾಡ್ತಾರ. ಏನೂ ಬೆಳ್ಳಗ ಆಗಲಿಲ್ಲಂದ್ರ ಕಡಿಮಿ ಗ್ರೇಡ್ ಅಂತಾರ. ಎರಡೂ ತಪ್ಪತಾವ. ಹುಡುಗರಿಗೆ ಬರೋ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ಗ್ರೇಡ್ 1, ಆದ್ರೂ ಬೆಳ್ಳಗ ಹೊಳೀತದ. ಒಂಚೂರೂ ಬೆಳ್ಳಗ ಆಗದ ಗ್ರೇಡ್ 3 ಗಡ್ಡಿನೂ ಇರ್ತಾವ.

ಸ್ಪೆಕ್ಟ್ರೋಸ್ಕೋಪಿ ಅಂತ ಇನ್ನೊಂದದ, ಗಡ್ಡಿಯೊಳಗಿನ ರಾಸಾಯನಿಕ ಅಳಿಯೋ ಸ್ಕ್ಯಾನ್. ಜೀವಕೋಶ ಜೋರು ಬೆಳೀತಿದ್ರ ಕೋಲಿನ್ ಏರ್ತದ, ನರಕೋಶ ಸತ್ತಲ್ಲಿ ಎನ್‌ಎಎ ಇಳೀತದ. ಇದೂ ಸುಳಿವೇ. ಯಾಕಂದ್ರ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಬಂದ ಮ್ಯಾಲ ದೊಡ್ಡವರ ಗ್ಲಯೋಮಾಕ್ಕ ಗಡ್ಡಿ ತುಂಡಿನ ಐಡಿಎಚ್, 1ಪಿ/19ಕ್ಯೂ ಅನ್ನೋ ಜೀನ್ ಪರೀಕ್ಷೆನೂ ಬೇಕು. ಅದನ್ನ ನೋಡಿನೇ ಹೆಸರು, ಗ್ರೇಡ್ ಬರೀತಾರ. ಹಂಗಂತ ಸ್ಕ್ಯಾನ್ ಸುಳ್ಳು ಅಂತ ಕೈಬಿಟ್ಟು ಕೂಡಬ್ಯಾಡ. ಬಾಳ ಸಲ ಅನುಮಾನ ಖರೇನೇ ಆಗ್ತದ.

ಬೀದರ್‌ನಿಂದ:
ನಾನು ಎಂಆರ್‌ಐ ಟೆಕ್ನಿಷಿಯನ್ ಇದ್ದೀನ್ರಿ. ಫಿಲಂ ಒಯ್ದ್ರ ಸಾಕು ಅನಬ್ಯಾಡ್ರಿ, ಸಿಡಿ ಕೇಳಿ ತಗೋರಿ. ಎಲ್ಲಾ ಚಿತ್ರ ಪೂರ್ತಿ ಇರೋದು ಅದರಾಗ. ಹೈದರಾಬಾದಿಗೋ ಬೆಂಗಳೂರಿಗೋ ಹೋದಲ್ಲಿ ಅದಿಲ್ಲಂದ್ರ ಮತ್ತ ಸ್ಕ್ಯಾನಿಗೆ ರೊಕ್ಕ ಸುರೀಬೇಕಾಗ್ತದ. ಫಿಟ್ಸ್ ಅಂತ ಬಂದವರಿಗೆ ಸಾದಾ ಬ್ರೇನ್ ಎಂಆರ್‌ಐ ಅಷ್ಟೇ ಬರೆದು ಕಳಿಸಿರ್ತಾರ, ಪರ್ಫ್ಯೂಷನ್, ಸ್ಪೆಕ್ಟ್ರೋಸ್ಕೋಪಿ ಅದರಾಗ ಇರಂಗಿಲ್ಲ. ರಿಪೋರ್ಟಿನ ಮೊದಲ ಸಾಲಿನಾಗ ಏನೇನು ಮಾಡ್ಯಾರ ಅಂತ ನೋಡ್ರಿ. ಮತ್ತ ಔಷಧ ಹಾಕೋದಾದ್ರ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ರಿಪೋರ್ಟ್ ಜೊತಿಗೆ ಇರ್ಲಿ.

ಆಳಂದದಿಂದ:
ಉಂಗುರ ಕಂಡ ಕೂಡಲೇ ಕ್ಯಾನ್ಸರ್ ಅನಬ್ಯಾಡ್ರಿ. ನಮ್ಮಕ್ಕಗ ಅದು ಟಿಬಿ ಗಡ್ಡಿ ಆಗಿತ್ತು. ಸ್ಪೆಕ್ಟ್ರೋಸ್ಕೋಪಿನಾಗ ಕೊಬ್ಬಿನಂಶದ ಏರು ಎದ್ದು ಕಾಣ್ತಿತ್ತು, ಎದಿ ಎಕ್ಸ್‌ರೇದಾಗೂ ಕಲೆ ಇತ್ತು. ಕೀವು ತುಂಬಿದ್ರೂ ಉಂಗುರ ಕಾಣ್ತದ, ಆದ್ರ ಡಿಫ್ಯೂಷನ್ ಅನ್ನೋ ಎಂಆರ್‌ಐ ಚಿತ್ರದಾಗ ನಡುವಿನ ಭಾಗ ಬೆಳ್ಳಗ ಹೊಳೀತದ. ನಮ್ಮ ಕಡೆ ಟಿಬಿ ಇನ್ನಾ ಬಾಳ ಅದ, ಡಾಕ್ಟರಿಗೆ ಇದೊಂದು ಬಾಯಿಬಿಟ್ಟು ಕೇಳ್ರಿ.

ಶಹಾಪುರದಿಂದ:
ಎಲ್ಲಾರಿಗೂ ಶರಣ್ರಿ. ಪರ್ಫ್ಯೂಷನ್ ಆಗಿಲ್ಲ. ಡೆಕ್ಸಾಮೆಥಸೋನ್ ಅನ್ನೋ ಸ್ಟಿರಾಯ್ಡ್ ಗುಳಿಗಿ ಶುರು ಮಾಡಿದ ಮ್ಯಾಲ ಅಪ್ಪಗ ತಲಿನೋವು ಬಾಳ ಕಡಿಮಿ ಆಗ್ಯಾದ. ಹಂಗಾದ್ರ ಗ್ರೇಡ್ ಸಣ್ಣದು ಇರಬಹುದಾ ಅಣ್ಣಾ?

ಸೇಡಂನಿಂದ:
ಇಲ್ಲ ತಮ್ಮಾ, ಅದು ಬಾವು ಇಳಿದದ್ದು. ಗ್ರೇಡಿಗೂ ಅದಕ್ಕೂ ಸಂಬಂಧ ಇಲ್ಲ. ಕಾಕಾಗೂ ಹಂಗೇ ಆಗಿ ನಾವು ಖುಷಿ ಪಟ್ಟಿದ್ವಿ. ಗುಳಿಗಿ ನಿಮ್ಮಷ್ಟಕ್ಕ ನೀವೇ ನಿಲ್ಲಿಸಬ್ಯಾಡ್ರಿ, ಆದ್ರ ಯಾವತ್ತಿನಿಂದ ಶುರು ಆಗ್ಯಾದ ಅಂತ ಸರ್ಜನ್‌ಗೆ ತಪ್ಪದೇ ಹೇಳ್ರಿ. ಒಂದ್ವೇಳೆ ಅದು ಲಿಂಫೋಮಾ ಅನ್ನೋ ಬ್ಯಾರೆ ಕ್ಯಾನ್ಸರ್ ಇದ್ರ ಸ್ಟಿರಾಯ್ಡ್‌ಗೆ ಕರಗಿ ತುಂಡಿನಾಗ ಏನೂ ಸಿಗದಂಗ ಆಗಬಹುದು.

ಪರ್ಫ್ಯೂಷನ್ ಸಲುವಾಗಿ ಆಪರೇಷನ್ ತಾರೀಖು ಮುಂದ ಹಾಕಬ್ಯಾಡ. ‘ಇದನ್ನ ಮಾಡಿಸಿದ್ರ ನೀವು ಮಾಡೋದರಾಗ ಏನರೆ ಬದಲಾಗ್ತದೇನ್ರಿ?’ ಅಂತ ಸರ್ಜನ್‌ನೇ ಕೇಳು. ನಮಗ ಬದಲಾಗಿತ್ತು. ರಕ್ತ ಹೆಚ್ಚು ಕಂಡ ಜಾಗದಿಂದಲೂ ತುಂಡು ತಗೊಂಡು ನೋಡಿದ್ರು, ಅದಕ್ಕ ‘ಗ್ರೇಡ್ 2’ ಅಂದಾಗ ನಮಗ ನಂಬಿಕಿ ಬಂತು.

ಅವ್ವಗ ಗಡ್ಡಿ ಅದ, ಆಪರೇಷನ್ ಮಾಡ್ತಾರ ಅಂತ ಇವತ್ತೇ ಹೇಳು. ಗ್ರೇಡ್ ಕೇಳಿದ್ರ ಪೆಥಾಲಜಿ ಬರ್ಲಿ ಅನ್ನು.